ಅಬ್ಬಾ ಫೋನಿನಲ್ಲೇ ಇರುವ ಆಟ

ಶಾಲೆಯ ವ್ಯಾನಿನವರು ಬೆಳಿಗ್ಗೆ ಮನೆಯ ಮುಂದೆ ನಿಂತು, "ಭಾಭೀ, ಈ ತಿಂಗಳದ ಫೀ ಇನ್ನೂ ಬಂದಿಲ್ಲರೀ" ಎಂದರು. "ಈಗಲೇ ಹಾಕ್ತೀನಿ ಅಣ್ಣಾ" ಎಂದು ಫೋನ್ ತೆಗೆದು ಮೊತ್ತ ಒತ್ತಿದೆ. ಖಾತೆಯಲ್ಲಿ ಅಷ್ಟು ಹಣವಿಲ್ಲ ಎಂದು ಬಂತು. ಏನೋ ತಪ್ಪಾಗಿರಬೇಕೆಂದು ಮತ್ತೊಮ್ಮೆ ಒತ್ತಿದೆ. ಅದೇ ಉತ್ತರ. ಜುಬೈಲ್‌ನಿಂದ ಇವರು ಹಣ ಕಳಿಸಿ ಹನ್ನೆರಡು ದಿನವೂ ಆಗಿರಲಿಲ್ಲ.

ವ್ಯಾನ್ ಹೋದ ಮೇಲೆ ಒಂದೊಂದೇ ಲೆಕ್ಕ ನೋಡುತ್ತಾ ಹೋದೆ. 89 ರೂಪಾಯಿ, 159 ರೂಪಾಯಿ, ಮತ್ತೆ 89, ಒಂದು ಕಡೆ 449. ಒಟ್ಟು 4,870 ರೂಪಾಯಿ. ಎಲ್ಲವೂ ಫೋನಿನ ಒಂದು ಆಟಕ್ಕೆ ಹೋಗಿತ್ತು. ಬಂದೂಕಿಗೆ ಬಣ್ಣ ಹಚ್ಚಲು, ಆಟದೊಳಗಿನ ಸೈನಿಕನಿಗೆ ಅಂಗಿ ತೊಡಿಸಲು, ಒಳಗೆ ಏನಿದೆಯೆಂದು ತಿಳಿಯದ ಪೆಟ್ಟಿಗೆಗಳನ್ನು ತೆರೆಯಲು. ಎಂಟನೇ ತರಗತಿಯ ನನ್ನ ಮಗನಿಗೆ ಪಿನ್ ಹೇಗೆ ಗೊತ್ತಾಯಿತೆಂದು ಕೇಳುವ ಹಾಗೂ ಇರಲಿಲ್ಲ. ಫೋನಿನಲ್ಲಿ ಹಣ ಕಳಿಸುವುದನ್ನು ನನಗೆ ಕಲಿಸಿದವನೇ ಅವನು.

ಒಂದು ಸೀರೆಗೆ ಫಾಲ್ ಹಚ್ಚಿ ಪಿಕೊ ಮಾಡಿದರೆ ನನಗೆ ಸಿಗುವುದು 70 ರೂಪಾಯಿ. ಮನಸ್ಸು ತಾನಾಗಿಯೇ ಲೆಕ್ಕ ಹಾಕಿತು. ಸುಮಾರು 70 ಸೀರೆ. ಸಂಜೆ ಅವನು ಬಂದಾಗ ಕೈ ತಡೆಯಲಿಲ್ಲ, ಹೊಡೆದುಬಿಟ್ಟೆ. ಅವನು ಅಳಲಿಲ್ಲ. ಅಂದು ರಾತ್ರಿ ಅವನ ಅಬ್ಬಾ ವಿಡಿಯೋ ಕರೆಯಲ್ಲಿ ಬೈದಾಗಲೂ ಅಳಲಿಲ್ಲ. ಆನಂತರ ಒಂಬತ್ತು ದಿನ ನನ್ನೊಡನೆ ಮಾತಾಡಲೂ ಇಲ್ಲ. ಫೋನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಬೀಗ ಹಾಕಿದ ಮೇಲೆ ಏನು ಮಾಡಬೇಕೆಂದು ಮಾತ್ರ ನನಗೆ ತೋಚಲಿಲ್ಲ.

ಸಹೋದರಿಯರೇ, ಇಂತಹ ಸಂಜೆ ನಿಮ್ಮಲ್ಲಿ ಹಲವರ ಮನೆಯಲ್ಲೂ ಬಂದಿರಬಹುದು. ತಪ್ಪು ಬರೀ ಹುಡುಗನದ್ದೇ ಎಂದು ಹೇಳಿ ನಾನು ಪಾರಾಗಲಾರೆ. ನಮ್ಮ ಗಬ್ಬೂರ ಹುಬ್ಬಳ್ಳಿಯ ಅಂಚಿನಲ್ಲಿದೆ. ಬೆಂಗಳೂರು ರಸ್ತೆಯಿಂದ ಧಾರವಾಡದ ಕಡೆಗೆ ಬೈಪಾಸ್ ಒಡೆಯುವುದು ಇಲ್ಲಿಯೇ. ಹಗಲು ರಾತ್ರಿ ಎನ್ನದೆ ಲಾರಿಗಳು ಓಡುತ್ತವೆ. ಆ ರಸ್ತೆ ದಾಟಿ ಆಡಲು ಹೋಗು ಎಂದು ಮಗನನ್ನು ಕಳಿಸುವ ಧೈರ್ಯ ನನಗಿರಲಿಲ್ಲ. ಮನೆಯೊಳಗೆ ಕಣ್ಣೆದುರಿಗೇ ಇರಲಿ ಎಂದು ಫೋನ್ ಕೈಗೆ ಕೊಟ್ಟವಳು ನಾನೇ. ಕಣ್ಣೆದುರಿಗೇ ಇದ್ದ, ನಿಜ. ಹಣವೂ ಕಣ್ಣೆದುರಿಗೇ ಹೋಯಿತು.

ಕನ್ನಡಕದ ಡಬ್ಬಿಯಂತಹ ಯಂತ್ರ

ಹಳೇ ಹುಬ್ಬಳ್ಳಿಯಲ್ಲಿರುವ ನನ್ನ ತಮ್ಮನಿಗೆ ವಿಷಯ ತಿಳಿಯಿತು. ಮುಂದಿನ ಶುಕ್ರವಾರ ಜುಮಾ ಮುಗಿಸಿ ಬಂದವನ ಕೈಯಲ್ಲಿ ಒಂದು ಹಳೆಯ ಪೊಟ್ಟಣವಿತ್ತು. ದುಬೈಯಲ್ಲಿ ಕೆಲಸಕ್ಕಿದ್ದಾಗ ತಾನು ಆಡುತ್ತಿದ್ದ ಯಂತ್ರವಂತೆ. ನ್ಯೂ ನಿಂಟೆಂಡೊ ತ್ರೀಡಿಎಸ್ ಎಂದು ಹೆಸರು. ಕನ್ನಡಕದ ಡಬ್ಬಿಯ ಹಾಗೆ ಮಡಚುತ್ತದೆ. ಒಳಗೆ ಮೇಲೊಂದು ಕೆಳಗೊಂದು ಎರಡು ಪುಟ್ಟ ಪರದೆಗಳು, ಒಂದಿಷ್ಟು ಗುಂಡಿಗಳು.

ನನಗೆ ಸಿಟ್ಟು ಬಂತು. "ಉರಿಯುವ ಬೆಂಕಿಗೆ ಎಣ್ಣೆ ತಂದೆಯಾ?" ಎಂದೆ.

"ಬಾಜಿ, ಇದರಲ್ಲಿ ಹಣ ಕಟ್ಟೋಕೆ ದಾರಿನೇ ಇಲ್ಲ. ಇದರ ಅಂಗಡಿ ಮುಚ್ಚಿಹೋಗಿದೆ" ಎಂದು ನಕ್ಕ.

ಅವನ ಮಾತು ತಮಾಷೆಯಲ್ಲ. ಈ ಬಗೆಯ ಯಂತ್ರಗಳ ತಯಾರಿಕೆ 2020ರಲ್ಲೇ ಪೂರ್ತಿ ನಿಂತಿದೆ. ಇದಕ್ಕೆ ಆಟಗಳನ್ನು ಮಾರುತ್ತಿದ್ದ ಆನ್‌ಲೈನ್ ಮಳಿಗೆಯನ್ನು ಕಂಪನಿ 2023ರ ಮಾರ್ಚ್‌ನಲ್ಲಿ ಮುಚ್ಚಿತು. ಮೊದಲೇ ಹಣ ಕೊಟ್ಟು ಇಳಿಸಿಕೊಂಡ ಆಟಗಳು ಮಾತ್ರ ಒಳಗೆ ಉಳಿದಿವೆ. ನನ್ನ ತಮ್ಮನ ಯಂತ್ರದಲ್ಲಿದ್ದವು ಬಹುತೇಕ ಹಳೆಯ 'ರೋಲ್ ಪ್ಲೇಯಿಂಗ್' ಆಟಗಳು, ಅಂದರೆ ನಾವೇ ಒಂದು ಪಾತ್ರವಾಗಿ ಒಂದು ಕಥೆಯೊಳಗೆ ನಡೆಯುವ ಆಟಗಳು. ಊರಿಂದ ಊರಿಗೆ ಹೋಗಬೇಕು, ಜನರನ್ನು ಮಾತಾಡಿಸಬೇಕು, ಜೊತೆಗಾರರನ್ನು ಕೂಡಿಸಿಕೊಳ್ಳಬೇಕು, ಅಡ್ಡ ಬಂದ ದುಷ್ಟರನ್ನು ಎದುರಿಸಬೇಕು, ಕೊನೆಗೆ ಒಂದು ದೊಡ್ಡ ಕೆಲಸ ಮುಗಿಸಬೇಕು. ಒಂದು ಆಟ ಮುಗಿಯಲು ಮೂವತ್ತು ನಲವತ್ತು ಗಂಟೆಯಾದರೂ ಬೇಕು. ಆದರೆ ಮುಗಿಯುತ್ತದೆ. ಫೋನಿನ ಆಟಕ್ಕೆ ಮುಗಿಯುವುದು ಎಂಬುದೇ ಇಲ್ಲವಲ್ಲ!

ಒಂದು ವಾರ ನಾನು ಪೊಲೀಸಿನವಳಂತೆ ಪಕ್ಕದಲ್ಲೇ ಕೂತು ನೋಡಿದೆ. ಸೀರೆಯ ಅಂಚು ಹೊಲಿಯುತ್ತಾ ನೋಡಿದ್ದರಿಂದಲೋ ಏನೋ, ಮೊದಲು ಕಣ್ಣಿಗೆ ಬಿದ್ದದ್ದು ಒಂದು ಸಣ್ಣ ಸಂಗತಿ. ಆಟ ಕಾಯುತ್ತದೆ. ಎದುರಾಳಿ ಬಂದು ನಿಂತಾಗ ಪರದೆಯ ಮೇಲೆ ಒಂದು ಪಟ್ಟಿ ಬರುತ್ತದೆ: ಹೊಡೆಯುತ್ತೀಯಾ, ಚೀಲದಿಂದ ಔಷಧಿ ತೆಗೆಯುತ್ತೀಯಾ, ಓಡಿಹೋಗುತ್ತೀಯಾ? ಉತ್ತರ ಕೊಡುವ ತನಕ ಎದುರಾಳಿ ಸುಮ್ಮನೆ ನಿಂತಿರುತ್ತಾನೆ. ನಮ್ಮ ಸರದಿ, ಆಮೇಲೆ ಅವನ ಸರದಿ. ನಾವು ಚಿಕ್ಕವರಿದ್ದಾಗ ಕಟ್ಟೆಯ ಮೇಲೆ ಗೆರೆ ಎಳೆದು ಕವಡೆ ಹಾಕಿ ಆಡುತ್ತಿದ್ದ ಚೌಕಾಬಾರದ ಹಾಗೆ.

ಫೋನಿನ ಆಟದ ದಿನಗಳಲ್ಲಿ ಮಗ್ರಿಬ್ ಅಝಾನ್ ಆದಾಗ ಕರೆದರೆ, "ಅಮ್ಮೀ, ಈಗ ಬಿಟ್ಟರೆ ನಮ್ಮ ಟೀಮ್ ಸೋಲ್ತದೆ, ಎಲ್ಲರೂ ನನ್ನ ಬೈತಾರೆ" ಎನ್ನುತ್ತಿದ್ದ. ನಾನು ಅದನ್ನು ನೆಪವೆಂದು ತಿಳಿದಿದ್ದೆ. ಅದು ನಿಜವೇ ಆಗಿತ್ತು. ಎಲ್ಲೆಲ್ಲಿಯೋ ಕೂತ ಹುಡುಗರು ಒಟ್ಟಾಗಿ ಆಡುವ ಆ ಆಟವನ್ನು ನಡುವೆ ನಿಲ್ಲಿಸಲು ಬರುವುದಿಲ್ಲ. ಈಗ ಅಝಾನ್ ಆದರೆ ಡಬ್ಬಿ ಮುಚ್ಚುತ್ತಾನೆ, ಟಪ್ ಎಂದು ಸದ್ದಾಗುತ್ತದೆ. ನಮಾಝ್ ಮುಗಿಸಿ, ಊಟ ಮುಗಿಸಿ, ಲೆಕ್ಕದ ಹೋಂವರ್ಕ್ ಮುಗಿಸಿ ತೆರೆದರೆ ಬಿಟ್ಟ ಜಾಗದಲ್ಲೇ ಆ ಹುಡುಗ ನಿಂತಿರುತ್ತಾನೆ.

ಶಾಲೆ ತಪ್ಪಿಸಿದ ಮಕ್ಕಳು

ಈ ಆಟಗಳು ಎಲ್ಲಿಂದ ಬಂದವು ಎಂಬ ಕುತೂಹಲ ನನಗೂ ಹುಟ್ಟಿತು. ತಮ್ಮನಿಂದ ಕೇಳಿದ್ದು, ಮಗಳು ಓದಿ ಹೇಳಿದ್ದು, ನಾನೇ ಓದಿದ್ದು ಎಲ್ಲ ಸೇರಿ ಒಂದಿಷ್ಟು ತಿಳಿಯಿತು. ಮೂಲದಲ್ಲಿ ಇದು ಪರದೆಯ ಆಟವೇ ಅಲ್ಲ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಆಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಹೊರತಂದರು. ಕಾಗದ, ಪೆನ್ಸಿಲ್, ದಾಳಗಳನ್ನಿಟ್ಟುಕೊಂಡು ಗೆಳೆಯರು ಮೇಜಿನ ಸುತ್ತ ಕೂತು ಕಥೆ ಕಟ್ಟುವ ಆಟವದು. ಆ ಬಗೆಯನ್ನು ಕಂಪ್ಯೂಟರ್‌ಗೆ ತಂದವರು ಹಲವರು. ಟಿ.ವಿ.ಗೆ ಜೋಡಿಸುವ ಯಂತ್ರಕ್ಕೆ ಅದನ್ನು ಅತ್ಯಂತ ಸರಳವಾಗಿ ತಂದವರು ಜಪಾನಿನ ಯೂಜಿ ಹೋರಿ. 1986ರಲ್ಲಿ ಬಂದ ಅವರ 'ಡ್ರ್ಯಾಗನ್ ಕ್ವೆಸ್ಟ್' ಅಲ್ಲಿ ಮನೆಮಾತಾಯಿತು.

ಅದರ ಒಂದು ವಿಷಯ ನನಗೆ ಬಹಳ ಹಿಡಿಸಿತು. ಆ ಮೊದಲ ಆಟದಲ್ಲಿ ಎಲ್ಲಿಯವರೆಗೆ ಬಂದೆವೆಂದು ನೆನಪಿಡುವ ಸೌಲಭ್ಯವೇ ಇರಲಿಲ್ಲ. ನಿಲ್ಲಿಸುವಾಗ ಆಟವು ಜಪಾನಿ ಭಾಷೆಯ ಇಪ್ಪತ್ತು ಅಕ್ಷರಗಳ ಒಂದು ಗುಪ್ತಪದ ಕೊಡುತ್ತಿತ್ತು. ಅದನ್ನು ಕಾಗದದಲ್ಲಿ ಬರೆದಿಟ್ಟು ಮಾರನೆಯ ದಿನ ಒಂದಕ್ಷರವೂ ತಪ್ಪದೆ ತುಂಬಬೇಕು. ಒಂದು ಅಕ್ಷರ ತಪ್ಪಿದರೆ ಆಟ ಸಿಗದು. ನಮ್ಮ ಮಕ್ಕಳಿಗೆ ಕಾಪಿ ಬರೆಸುವ ಉಪಾಧ್ಯಾಯಿನಿಯರಿಗೆ ಇದು ತಿಳಿದರೆ ಸಂತೋಷಪಟ್ಟಾರು.

ಹಾಗೆಂದು ಹಳೆಯದೆಲ್ಲ ಹಾಲಿನಂತಹದು ಎಂದು ಹೇಳಹೊರಟಿಲ್ಲ. ಅದೇ ಸರಣಿಯ ಮೂರನೆಯ ಆಟ 1988ರ ಫೆಬ್ರವರಿಯಲ್ಲಿ ಒಂದು ಬುಧವಾರ ಮಾರಾಟಕ್ಕೆ ಬಂತು. ಅದಕ್ಕಾಗಿ ಶಾಲೆ ತಪ್ಪಿಸಿ ಅಂಗಡಿಗಳ ಮುಂದೆ ಸಾಲು ನಿಂತ ಸುಮಾರು 300 ಮಕ್ಕಳು ಪೊಲೀಸರ ಕೈಗೆ ಸಿಕ್ಕರು. ಮುಂದೆ ಆ ಸರಣಿಯ ಆಟಗಳನ್ನು ರಜಾದಿನ ನೋಡಿ ಬಿಡುಗಡೆ ಮಾಡತೊಡಗಿದರು. ಅಂದರೆ ಮಕ್ಕಳು ಅಂದೂ ಮಕ್ಕಳೇ.

ಕೈಯಲ್ಲಿ ಹಿಡಿಯುವ ಯಂತ್ರವಾದ ನಿಂಟೆಂಡೊ ಕಂಪನಿಯ 'ಗೇಮ್ ಬಾಯ್' ಬಂದದ್ದು 1989ರಲ್ಲಿ. ಬಣ್ಣವಿಲ್ಲ, ಪರದೆಯಲ್ಲಿ ಬೆಳಕಿಲ್ಲ. ದೀಪದ ಕೆಳಗೆ ಕೂತೇ ಆಡಬೇಕು. ನಾಲ್ಕು ಪೆನ್ಸಿಲ್ ಸೆಲ್ ಹಾಕಬೇಕು. ಆದರೂ ಬಣ್ಣದ ಪರದೆಯ ಮುಂದಿನ ಮಾದರಿಯೂ ಸೇರಿ 11 ಕೋಟಿ 80 ಲಕ್ಷಕ್ಕೂ ಹೆಚ್ಚು ಯಂತ್ರಗಳು ಮಾರಾಟವಾದವು. ಅದಕ್ಕೆಂದು 1996ರಲ್ಲಿ ಬಂದ ಆಟವೇ ಪೋಕೆಮಾನ್. ಚಿಕ್ಕಂದಿನಲ್ಲಿ ಟೋಕಿಯೊದ ಹೊರವಲಯದಲ್ಲಿ ಹುಳಹುಪ್ಪಟೆ ಹಿಡಿದು ಕೂಡಿಡುತ್ತಿದ್ದ ಸತೋಷಿ ತಜಿರಿ ಎಂಬವರು ಆ ನೆನಪಿನಿಂದ ಕಟ್ಟಿದ ಆಟವದು. 151 ಪ್ರಾಣಿಗಳು. ಆದರೆ ಒಂದೇ ಆಟದಲ್ಲಿ ಎಲ್ಲವೂ ಸಿಗುವುದಿಲ್ಲ. ಕೆಲವು 'ಕೆಂಪು' ಆವೃತ್ತಿಯಲ್ಲಿ ಮಾತ್ರ, ಕೆಲವು ಇನ್ನೊಂದರಲ್ಲಿ ಮಾತ್ರ. ಪೂರ್ತಿಯಾಗಬೇಕಾದರೆ ಇನ್ನೊಂದು ಮಗುವಿನ ಪಕ್ಕದಲ್ಲಿ ಕೂತು ಎರಡು ಯಂತ್ರಗಳ ನಡುವೆ ತಂತಿ ಜೋಡಿಸಿ ಅದಲುಬದಲು ಮಾಡಿಕೊಳ್ಳಲೇಬೇಕು.

ಪೋಕೆಮಾನ್ ಎಂದರೆ ನಮ್ಮ ಹಿರಿಯರಲ್ಲಿ ಕೆಲವರಿಗೆ 2001ರ ನೆನಪಾದೀತು. ಆ ವರ್ಷ ಸೌದಿ ಅರೇಬಿಯಾದ ಧಾರ್ಮಿಕ ವಿದ್ವಾಂಸರು ಆ ಆಟವನ್ನೂ ಅದರ ಕಾರ್ಡುಗಳನ್ನೂ ನಿಷೇಧಿಸಿ ಫತ್ವಾ ನೀಡಿದ್ದರು. ಕೊಟ್ಟ ಕಾರಣಗಳಲ್ಲಿ ಒಂದು, ಅದರಲ್ಲಿ ಜೂಜಿನ ಅಂಶವಿದೆ ಎಂಬುದು. ಕಾರ್ಡುಗಳ ಮಾತು ಹಾಗಿರಲಿ, ಆ ಮೊದಲ ಪೋಕೆಮಾನ್ ಆಟದ ಒಂದು ಊರಿನಲ್ಲಿ ಜೂಜಿನ ಯಂತ್ರಗಳ ಮನೆಯೊಂದು ಇದ್ದದ್ದಂತೂ ನಿಜ. ಆಟದೊಳಗಿನ ಹುಸಿ ನಾಣ್ಯಗಳೇ ಆದರೂ ಜೂಜು ಜೂಜೇ. ನಂತರ ಬಂದ ಆವೃತ್ತಿಗಳಲ್ಲಿ ಅದನ್ನು ಕೈಬಿಟ್ಟಿದ್ದಾರೆ. ನನ್ನ ಮಗ ಆ ಮನೆಯ ಬಾಗಿಲಿಗೆ ಬಂದಾಗ, "ಇದರೊಳಗೆ ಏನಿದೆ ಗೊತ್ತಾ?" ಎಂದು ನಾನೇ ತಿಳಿಸಿ ಹೇಳಿದೆ. ಕಾಲ ಹೇಗೆ ತಿರುಗುತ್ತದೆ ನೋಡಿ, ಅದೇ ಸೌದಿಯ ಸರ್ಕಾರಿ ಹೂಡಿಕೆ ನಿಧಿಗೆ ಸೇರಿದ ಕಂಪನಿಯೊಂದು 2025ರಲ್ಲಿ 'ಪೋಕೆಮಾನ್ ಗೋ' ಆಟದ ವ್ಯವಹಾರವನ್ನೇ ಕೊಂಡುಕೊಂಡಿತು.

ಅಂದ ಹಾಗೆ, ನನ್ನ ಮಗ ಹಣ ಕಳೆದ ಪೆಟ್ಟಿಗೆಗಳ ಬಗ್ಗೆಯೂ ಒಂದು ಮಾತು. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಆದರೆ ಅವನು ಆಡಿದ್ದು ಅಂತಹ ಆಟವಲ್ಲ. ಅದರಲ್ಲಿ ಹಣ ಹೋಗುತ್ತದೆ, ಬರುವುದಂತೂ ಇಲ್ಲ, ಬರೀ ಬಣ್ಣದ ಅಂಗಿ ಸಿಗುತ್ತದೆ. ಏನು ಸಿಗುತ್ತದೆಂದು ತಿಳಿಯದೆ ಹಣ ಕೊಡಿಸುವ ಇಂತಹ ಪೆಟ್ಟಿಗೆಗಳನ್ನು ಬೆಲ್ಜಿಯಂ ದೇಶ 2018ರಲ್ಲೇ ಜೂಜು ಎಂದು ಘೋಷಿಸಿತು. ನನ್ನ ಅತ್ತೆಗೆ ಇದನ್ನು ವಿವರಿಸಿದಾಗ ಅವರು ಬೆಲ್ಜಿಯಂನವರಿಗಿಂತ ಬೇಗ ತೀರ್ಮಾನ ಹೇಳಿದರು.

"ಇವನ ಅಬ್ಬಾನೂ ಫೋನಲ್ಲೇ ಇರ್ತಾರೆ"

ಈಗ ನಾನು ಈ ಲೇಖನ ಬರೆಯಲು ಕಾರಣವಾದ ಆಟದ ವಿಷಯಕ್ಕೆ ಬರುತ್ತೇನೆ.

ಅದರ ಹೆಸರು 'ಅರ್ತ್‌ಬೌಂಡ್'. ಜಪಾನಿನಲ್ಲಿ 1994ರಲ್ಲಿ ಬಂದಾಗ ಅದರ ಹೆಸರು 'ಮದರ್ 2'. ಹೌದು, ಆಟಕ್ಕೆ 'ತಾಯಿ' ಎಂದು ಹೆಸರು! ಬರೆದವರು ಶಿಗೆಸಾತೊ ಇತೊಯಿ, ಜಾಹೀರಾತುಗಳಿಗೆ ಸಾಲು ಬರೆಯುವುದರಲ್ಲಿ ಹೆಸರಾದವರು. 'ಮೈ ನೇಬರ್ ಟೊಟೊರೊ' ಎಂಬ 1988ರ ಜಪಾನಿ ಕಾರ್ಟೂನ್ ಚಿತ್ರದಲ್ಲಿ ಇಬ್ಬರು ಹೆಣ್ಣುಮಕ್ಕಳ ತಂದೆಯ ಪಾತ್ರಕ್ಕೆ ಧ್ವನಿ ಕೊಟ್ಟವರೂ ಇವರೇ. ಆಟ 1995ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದಾಗ ಯಾರೂ ಅಷ್ಟಾಗಿ ಕೊಳ್ಳಲಿಲ್ಲ. ಮೆಚ್ಚುವವರು ಹುಟ್ಟಿಕೊಂಡದ್ದು ಬಹಳ ವರ್ಷಗಳ ನಂತರ. ಕೈಯಲ್ಲಿ ಹಿಡಿಯುವ ಈ ಯಂತ್ರಕ್ಕೆ ಅದು ಬಂದದ್ದು 2016ರಲ್ಲಿ.

ಇದರಲ್ಲಿ ರಾಜಕುಮಾರನಿಲ್ಲ, ಕೋಟೆಯಿಲ್ಲ. ಟೋಪಿ ಹಾಕಿಕೊಂಡ ಒಬ್ಬ ಸಾಮಾನ್ಯ ಹುಡುಗ. ಮನೆಯಲ್ಲಿ ತಾಯಿ, ತಂಗಿ, ಒಂದು ನಾಯಿ. ಆಟ ಶುರುವಾಗುವ ಮೊದಲು ನಿನಗೆ ಇಷ್ಟವಾದ ಊಟ ಯಾವುದು ಎಂದು ಕೇಳುತ್ತದೆ. ಅಂದು ನಮ್ಮ ಮನೆಯಲ್ಲಿ ಖೀಮಾ ಆಗುತ್ತಿತ್ತು. ವಾಸನೆ ಹಿಡಿದೇ ಮಗ 'ಖೀಮಾ' ಎಂದು ಬರೆದ. ಆಮೇಲೆ ಆಟದೊಳಗಿನ ಆ ತಾಯಿ, ಹುಡುಗ ದಣಿದು ಮನೆಗೆ ಬಂದಾಗಲೆಲ್ಲ ಖೀಮಾ ಬಡಿಸಿ ಮಲಗಿಸುತ್ತಾಳೆ! ಬೆಳಿಗ್ಗೆ ಎದ್ದರೆ ದಣಿವೆಲ್ಲ ಮಾಯ.

ಮೂರನೆಯ ದಿನ ಇರಬೇಕು. ಮಗ ಪರದೆಯಿಂದ ತಲೆಯೆತ್ತಿ, ಆ ಒಂಬತ್ತು ದಿನಗಳ ಮೌನದ ನಂತರ ಮೊದಲ ಬಾರಿಗೆ ತಾನಾಗಿಯೇ ನನ್ನನ್ನು ಕರೆದ.

"ಅಮ್ಮೀ, ಇವನ ಅಬ್ಬಾನೂ ಫೋನಲ್ಲೇ ಇರ್ತಾರೆ."

ನನಗೆ ಮೊದಲು ಅರ್ಥವಾಗಲಿಲ್ಲ. ಹತ್ತಿರ ಹೋಗಿ ನೋಡಿದೆ. ಆ ಹುಡುಗನ ತಂದೆ ಮನೆಯಲ್ಲಿಲ್ಲ. ಎಲ್ಲಿದ್ದಾನೆಂದು ಯಾರೂ ಹೇಳುವುದಿಲ್ಲ. ಆಟದುದ್ದಕ್ಕೂ ಆತನ ಮುಖ ಒಮ್ಮೆಯೂ ಕಾಣುವುದಿಲ್ಲ. ಫೋನ್ ಮಾಡಿದರೆ ಮಾತಾಡುತ್ತಾನೆ. ಮಗನ ಖಾತೆಗೆ ಹಣ ಹಾಕಿದ್ದೇನೆ ಎನ್ನುತ್ತಾನೆ. ಹುಡುಗ ಯಾವುದಾದರೂ ಊರಿನ ಎ.ಟಿ.ಎಂ.ನಿಂದ ಅದನ್ನು ತೆಗೆದುಕೊಳ್ಳುತ್ತಾನೆ. ಎಲ್ಲಿಯವರೆಗೆ ಬಂದೆವೆಂಬುದನ್ನು ಉಳಿಸಿಕೊಳ್ಳಬೇಕಾದರೂ ತಂದೆಗೇ ಫೋನ್ ಮಾಡಬೇಕು. ಬಹಳ ಹೊತ್ತು ಒಂದೇ ಸಮನೆ ಆಡಿದರೆ ತಂದೆಯೇ ಫೋನ್ ಮಾಡಿ, ಸಾಕು, ಸ್ವಲ್ಪ ವಿಶ್ರಾಂತಿ ತಗೋ ಎನ್ನುತ್ತಾನೆ.

ನನ್ನ ಪತಿ ಜುಬೈಲ್‌ಗೆ ಹೋದಾಗ ಮಗನಿಗೆ ಎರಡೂವರೆ ವರ್ಷ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ಬರುತ್ತಾರೆ. ಅವನು ಮದರಸಕ್ಕೆ ಸೇರಿದ್ದು, ಖತ್ನಾ, ಹಲ್ಲು ಬಿದ್ದದ್ದು, ಎಲ್ಲವನ್ನೂ ಅವರು ಫೋನಿನಲ್ಲಿ ಕೇಳಿದವರು, ಕಂಡವರು. ಇಲ್ಲಿ ಮನೆಮನೆಯಲ್ಲೂ ಅದೇ ಕಥೆ ಎಂದುಕೊಂಡು ನಾವು ಅದರ ಬಗ್ಗೆ ಮಾತಾಡುವುದಿಲ್ಲ. ಮಕ್ಕಳೂ ಮಾತಾಡುವುದಿಲ್ಲ. ಎಲ್ಲೋ ಜಪಾನಿನಲ್ಲಿ, ನನ್ನ ಮದುವೆಗೂ ಮುಂಚೆ, ನಮ್ಮನ್ನು ಕಾಣದ ಒಬ್ಬ ಮನುಷ್ಯ ಬರೆದದ್ದನ್ನು ಗಬ್ಬೂರಿನಲ್ಲಿ ಕೂತ ಹುಡುಗನೊಬ್ಬ ತನ್ನದೇ ಮನೆಯೆಂದು ಗುರುತು ಹಿಡಿದ.

ಇನ್ನೊಂದು ವಿಷಯವನ್ನು ಅವನೇ ತೋರಿಸಿದ. ದೂರದೂರ ಹೋದ ಮೇಲೆ ಆ ಹುಡುಗನಿಗೆ ಕೆಲವೊಮ್ಮೆ ಮನೆಯ ಹಂಬಲ ಹತ್ತುತ್ತದೆ. ಎದುರಾಳಿ ಮುಂದೆ ನಿಂತಿದ್ದರೂ ಅಮ್ಮನ ನೆನಪಾಗಿ ಕೈ ಏಳುವುದಿಲ್ಲ, ಸರದಿ ಸುಮ್ಮನೆ ಹೋಗುತ್ತದೆ. ಅದಕ್ಕೆ ಔಷಧಿ ಅಂಗಡಿಯಲ್ಲಿ ಮದ್ದಿಲ್ಲ. ಫೋನ್ ಹುಡುಕಿ ತಾಯಿಗೆ ಕರೆ ಮಾಡಬೇಕು. ತಾಯಿಯ ಮಾತು ಕೇಳಿದೊಡನೆ ಸರಿಹೋಗುತ್ತದೆ. "ನೋಡಿ ಅಮ್ಮೀ" ಎಂದು ಮಗ ನಕ್ಕ. ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ಮರುದಿನ, ಅಂದು ಹೊಡೆದದ್ದಕ್ಕೆ ಅವನಲ್ಲಿ ಕ್ಷಮೆ ಕೇಳಿದೆ. ಅವನು, "ಹಣ ನಾನು ವಾಪಸ್ ಕೊಡ್ತೀನಿ" ಎಂದ. ರಜೆಯಲ್ಲಿ ಶಾ ಬಜಾರಿನ ಸೀರೆ ಅಂಗಡಿಗಳಿಗೆ ನನ್ನ ಹೊಲಿಗೆಯ ಗಂಟು ಮುಟ್ಟಿಸಿ ಬರುವ ಕೆಲಸ ಅವನದಾಯಿತು. ಲೆಕ್ಕ ಇನ್ನೂ ತೀರಿಲ್ಲ.

ದಾದಿಯ ಹಾತಿಮ್ ತಾಯಿ

ನನ್ನ ಅತ್ತೆ ಸವಣೂರಿನವರು. ಮಕ್ಕಳು ಆಡುವಾಗ ಅವರು ತಸ್ಬೀಹ್ ಹಿಡಿದು ಮಂಚದ ಮೇಲೆ ಕೂತಿರುತ್ತಾರೆ. ಒಂದು ಸಂಜೆ ಮೊಮ್ಮಗನಿಂದ ಆಟದ ಕಥೆಯನ್ನೆಲ್ಲ ಕೇಳಿ, "ಅರೇ, ಇದು ನಮ್ಮ ಹಾತಿಮ್ ತಾಯಿಯ ಕಿಸ್ಸಾ!" ಎಂದುಬಿಟ್ಟರು. ಅವರ ತಂದೆ ಲಾಂದ್ರದ ಬೆಳಕಿನಲ್ಲಿ ಉರ್ದು ಕಿಸ್ಸೆಯ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದರಂತೆ.

ಯೋಚಿಸಿದರೆ ಅತ್ತೆಯ ಮಾತಿನಲ್ಲಿ ಸತ್ಯವಿದೆ. ಹುಸ್ನ್ ಬಾನು ಎಂಬ ಚೆಲುವೆ ತನ್ನನ್ನು ವರಿಸಬಯಸುವವರಿಗೆ ಏಳು ಪ್ರಶ್ನೆಗಳನ್ನು ಒಡ್ಡುತ್ತಾಳೆ. ಅವಳನ್ನು ಪ್ರೀತಿಸಿದ ರಾಜಕುಮಾರ ಮುನೀರ್ ಶಾಮಿಗೆ ಅದು ಆಗದ ಕೆಲಸ. ಅವನಿಗಾಗಿ ಹಾತಿಮ್ ಏಳು ಪ್ರಯಾಣ ಹೊರಡುತ್ತಾನೆ. ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ದಾರಿಯಲ್ಲಿ ಇನ್ನೊಬ್ಬರ ಕಷ್ಟ ಎದುರಾಗುತ್ತದೆ. ಮೊದಲು ಅದನ್ನು ತೀರಿಸಿಯೇ ಮುಂದಿನ ಹೆಜ್ಜೆ. ಈ ಆಟಗಳೂ ಹೀಗೆಯೇ. ಊರಿನ ಅಜ್ಜಿಯ ಕಳೆದುಹೋದ ವಸ್ತು ಹುಡುಕಿಕೊಡದೆ ಸೇತುವೆಯ ಕಾವಲುಗಾರ ದಾರಿ ಬಿಡುವುದಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಅದಲುಬದಲು ನಡೆದಿದೆ. ಮೊಮ್ಮಗ ಅರ್ಧ ಗಂಟೆ ಆಡಿದರೆ ದಾದಿ ಒಂದು ಕಿಸ್ಸಾ ಹೇಳಬೇಕು. ಕಿಸ್ಸೆಯ ನಾಯಕ ಹಾತಿಮ್ ನಿಜವಾಗಿ ಬದುಕಿದ್ದ ಅರಬ್ ಕವಿ ಎಂದೂ, ಅವನ ಮಗ ಅದೀ ಇಬ್ನು ಹಾತಿಮ್ (ರ) ಪ್ರವಾದಿವರ್ಯರ(ಸ) ಸಹಾಬಿಗಳಲ್ಲೊಬ್ಬರೆಂದೂ ಮೊಮ್ಮಗನಿಗೆ ತಿಳಿದದ್ದು ಹೀಗೆ.

ಆದರೆ ಮೊಮ್ಮಗಳು ಆ ಡಬ್ಬಿ ಕೈಗೆತ್ತಿಕೊಂಡಾಗ ಅದೇ ಅತ್ತೆ, "ಹೆಣ್ಣುಮಗಳಿಗೆ ಯಾಕಮ್ಮ ಆಟ, ರೊಟ್ಟಿ ಬೇಯಿಸೋದು ಕಲಿ" ಎಂದರು. ಮಗಳು ಪಿಯುಸಿ ಮೊದಲ ವರ್ಷದಲ್ಲಿದ್ದಾಳೆ. ರೊಟ್ಟಿ ಬೇಯಿಸಲು ಅವಳಿಗೆ ಬರುತ್ತದೆ, ತಮ್ಮನಿಗೆ ಬರುವುದಿಲ್ಲ. ಈ ವಿಷಯದಲ್ಲಿ ನಾನು ಅತ್ತೆಯ ಮಾತಿಗೆ ತಲೆಯಾಡಿಸಲಿಲ್ಲ. ತಮ್ಮ ಆಡಿ ಮುಗಿಸಿದ ಮೇಲೆ ರಾತ್ರಿ ಅವಳಿಗೂ ಅಷ್ಟೇ ಹೊತ್ತು ಎಂದು ಗೊತ್ತುಮಾಡಿದೆ. ತಟ್ಟೆ ತೊಳೆಯುವ ಸರದಿ ಇಬ್ಬರಿಗೂ ಹಂಚಿದೆ. ನಮ್ಮ ಮನೆಗಳಲ್ಲಿ ಬಿಡುವು ಎಂಬುದು ಗಂಡುಮಕ್ಕಳಿಗೆ ಕೇಳದೆ ಸಿಗುತ್ತದೆ. ಹೆಣ್ಣುಮಕ್ಕಳು ಅದಕ್ಕೂ ಕಾರಣ ಕೊಡಬೇಕಾಗುತ್ತದೆ. ನನ್ನ ಮಗಳಿಗೆ ಕೊಡಲು ಕಾರಣವೂ ಸಿಕ್ಕಿತೆನ್ನಿ: ಇಂಗ್ಲಿಷ್.

ಈ ಆಟಗಳಲ್ಲಿ ಯಾವ ಪಾತ್ರವೂ ಬಾಯಿಬಿಟ್ಟು ಮಾತಾಡುವುದಿಲ್ಲ. ಪರದೆಯ ಮೇಲೆ ಚೌಕವೊಂದರಲ್ಲಿ ಎರಡು ಮೂರು ಸಾಲು ಬರುತ್ತದೆ. ಗುಂಡಿ ಒತ್ತುವ ತನಕ ಅಲ್ಲೇ ನಿಂತಿರುತ್ತದೆ. ಓದದಿದ್ದರೆ ಎಲ್ಲಿಗೆ ಹೋಗಬೇಕೆಂಬುದೇ ತಿಳಿಯದು. ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿನಲ್ಲಿ ಇಂಗ್ಲಿಷ್ ಎಂದರೆ ತಲೆ ತಗ್ಗಿಸುತ್ತಿದ್ದ ಹುಡುಗಿ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ತಿಳಿಯದ ಪದಗಳನ್ನು ಬರೆದಿಡತೊಡಗಿದಳು. ನಿಘಂಟು ನೋಡಿ ಎದುರಿಗೆ ಕನ್ನಡ. ತಮ್ಮನಿಗೆ ಅಡ್ಡಿಯಾದಾಗಲೆಲ್ಲ ಈಗ ಅವನು ಅಕ್ಕನ ನೋಟ್‌ಬುಕ್ಕಿಗೆ ಕೈಚಾಚುತ್ತಾನೆ. ಪರೀಕ್ಷೆಯ ರಜೆಯಲ್ಲಿ ಅವಳೇ ಮೊದಲು 'ಅರ್ತ್‌ಬೌಂಡ್' ಮುಗಿಸಿದಳು. ಕೊನೆಯಲ್ಲಿ ಬರುವ ದುಷ್ಟಶಕ್ತಿಯ ಮುಂದೆ ಯಾವ ಆಯುಧವೂ ನಡೆಯುವುದಿಲ್ಲವಂತೆ. ಮಕ್ಕಳ ಗುಂಪಿನಲ್ಲಿರುವ ಹುಡುಗಿ ಪ್ರಾರ್ಥಿಸುತ್ತಾಳೆ. ದಾರಿಯುದ್ದಕ್ಕೂ ಅವರು ಕಂಡ ಜನರೆಲ್ಲ ತಾವಿದ್ದಲ್ಲಿಯೇ ನಿಂತು ಆ ಮಕ್ಕಳಿಗಾಗಿ ಪ್ರಾರ್ಥಿಸುತ್ತಾರೆ. ಅದರಿಂದಲೇ ಗೆಲುವು. "ದುಆ ಅಮ್ಮೀ, ಬರೀ ದುಆ" ಎಂದು ಮಗಳು ರಾತ್ರಿ ಹನ್ನೊಂದಕ್ಕೆ ನನ್ನನ್ನು ಎಬ್ಬಿಸಿ ಹೇಳಿದಳು.

ಕೊಳ್ಳುವ ಮುನ್ನ

ಇದನ್ನೋದಿ ನಾಳೆಯೇ ಒಂದು ಯಂತ್ರ ಕೊಳ್ಳಲು ಹೊರಡುವವರಿಗೆ ಎರಡು ಮಾತು. ಈಗ ಆನ್‌ಲೈನ್‌ನಲ್ಲಿ ಕೆಲವು ಸಾವಿರ ರೂಪಾಯಿಗೆ ಚೀನಾದ ಪುಟ್ಟ ಯಂತ್ರಗಳು ಸಿಗುತ್ತವೆ. ಸಾವಿರಾರು ಹಳೆಯ ಆಟಗಳನ್ನು ಮೆಮೊರಿ ಕಾರ್ಡಿನಲ್ಲಿ ತುಂಬಿಯೇ ಕೊಡುವವರಿದ್ದಾರೆ. ಯಂತ್ರ ಕೊಳ್ಳುವುದು ತಪ್ಪಲ್ಲ. ಆದರೆ ಆ ಕಾರ್ಡಿನಲ್ಲಿರುವುದು ಸಾಮಾನ್ಯವಾಗಿ ಹಕ್ಕುದಾರರ ಒಪ್ಪಿಗೆಯಿಲ್ಲದೆ ಮಾಡಿದ ನಕಲು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ ರಕ್ಷಣೆ ಕಂಪ್ಯೂಟರ್ ಪ್ರೋಗ್ರಾಂಗಳಿಗೂ ಇದೆ. ಹಳೆಯದು, ಯಾರು ಕೇಳುತ್ತಾರೆ ಎನ್ನಬಹುದು. ನನ್ನ ಪತಿ ಫೋನಿನಲ್ಲಿ ಮೊದಲು ಕೇಳಿದ್ದೇ ಅದು: "ನಿನ್ನ ತಮ್ಮ ಅದನ್ನು ಕೊಂಡದ್ದಾ, ಕದ್ದದ್ದಾ?" ಹಲವು ಹಳೆಯ ಆಟಗಳನ್ನು ಕಂಪನಿಗಳೇ ಹೊಸ ಯಂತ್ರಗಳಿಗೆ ಮತ್ತೆ ಮಾರುತ್ತಿವೆ. ಅಗ್ಗವಲ್ಲ, ಆದರೆ ಎಲ್ಲವೂ ಬೇಕಿಲ್ಲವಲ್ಲ. ಒಂದು ಆಟ ನಮ್ಮ ಮನೆಯಲ್ಲಿ ಐದು ತಿಂಗಳಿಂದ ನಡೆಯುತ್ತಿದೆ.

ಇನ್ನು ಚಟದ ಮಾತು. ವಿಶ್ವ ಆರೋಗ್ಯ ಸಂಸ್ಥೆಯು ಆಟದ ಗೀಳನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು, ಅದು 2022ರ ಜನವರಿಯಿಂದ ಜಾರಿಯಲ್ಲಿದೆ. ಹತೋಟಿ ತಪ್ಪುವುದು, ಊಟ ನಿದ್ರೆ ಓದಿಗಿಂತ ಆಟವೇ ಮುಂದಾಗುವುದು, ಹಾನಿ ಕ��ಡರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಕಂಡುಬಂದರೆ ಅದನ್ನು ಕಾಯಿಲೆ ಎನ್ನುತ್ತಾರೆ. ಹಳೆಯ ಆಟಕ್ಕೂ ಮಕ್ಕಳು ಅಂಟಿಕೊಳ್ಳಬಲ್ಲರು, 1988ರ ಆ 300 ಮಕ್ಕಳನ್ನು ಮರೆಯುವಂತಿಲ್ಲ. ಮಾಂತ್ರಿಕರು, ಮಂತ್ರದಂಡಗಳು ಇರುವ ಆಟಗಳೂ ಇವುಗಳಲ್ಲಿ ಬೇಕಾದಷ್ಟಿವೆ. ಯಾವುದು ಬೇಕು, ಯಾವುದು ಬೇಡ ಎಂದು ತಾಯಿ ಪಕ್ಕದಲ್ಲಿ ಕೂತೇ ತೀರ್ಮಾನಿಸಬೇಕಾಗುತ್ತದೆ. ಫೋನಿನ ಆಟದಲ್ಲಿ ನಾನು ಪಕ್ಕದಲ್ಲಿ ಕೂತರೂ ಏನೂ ಅರ್ಥವಾಗುತ್ತಿರಲಿಲ್ಲ, ಅಷ್ಟು ವೇಗ. ಇದರಲ್ಲಿ ಸೂಜಿಗೆ ದಾರ ಪೋಣಿಸುತ್ತಲೇ ಓದಬಹುದು.

ಹೋದ ತಿಂಗಳು ಇವರು ರಜೆಗೆ ಬಂದರು. ಎರಡನೆಯ ರಾತ್ರಿ ಇಶಾ ಮುಗಿಸಿ ಬಂದವರು, ಮಗನ ಪಕ್ಕದಲ್ಲಿ ಚಾಪೆಯ ಮೇಲೆ ಕೂತು ಪರದೆ ನೋಡತೊಡಗಿದರು. ಅಷ್ಟರಲ್ಲಿ ಆಟದೊಳಗಿನ ಫೋನ್ ರಿಂಗಾಯಿತು. ತಂದೆ. ಬಹಳ ಹೊತ್ತಾಯಿತು, ಇನ್ನು ಸಾಕು ಎಂದು ಹೇಳುತ್ತಿದ್ದ. ಮಗ ಅದನ್ನು ಕನ್ನಡದಲ್ಲಿ ಅವರಿಗೆ ಓದಿ ಹೇಳಿದ. ಖಾತೆಗೆ ಹಣ ಹಾಕುವ ವಿಷಯ, ಮುಖವೇ ಕಾಣದ ವಿಷಯ ಎಲ್ಲ ಹೇಳಿದ. ಇವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಗಡ್ಡ ಸವರಿಕೊಂಡರು. ಆಮೇಲೆ ಕೇಳಿದರು:

"ಕೊನೆಗಾದರೂ ಮನೆಗೆ ಬರ್ತಾನೇನು, ಇವನ ಅಬ್ಬಾ?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳು ಬಾಯಿ ತೆರೆದಳು.

"ಹೇಳಬೇಡ ಆಪಾ" ಎಂದ ಮಗ. "ನಾನಿನ್ನೂ ಅಲ್ಲಿಗೆ ಹೋಗಿಲ್ಲ."